ಎದುರು ಸಾಲಿನ ಅಹ್ಮದ್ ಖಾನ್

1948ರ ಜುಲೈ 31ರಂದು ಲಂಡನ್ನಿನ ಇಲ್ಫರ್ಡಿನಲ್ಲಿ ಭಾರತ ಫ್ರಾನ್ಸಿನ ಎದುರು ಫುಟ್‌ಬಾಲ್ ಆಡಿತು. ಸ್ವಾತಂತ್ರ್ಯ ಬಂದ ಮೇಲೆ ದೇಶ ಆಡಿದ ಮೊದಲ ಒಲಿಂಪಿಕ್ ಫುಟ್‌ಬಾಲ್ ಪಂದ್ಯ ಅದು. ಬಹುಪಾಲು ಆಟಗಾರರು ಬರಿಗಾಲಲ್ಲಿದ್ದರು. ಕಾಲಿಗೆ ಬ್ಯಾಂಡೇಜ್ ಪಟ್ಟಿ ಸುತ್ತಿಕೊಂಡಿದ್ದರು, ಅಷ್ಟೇ. ಎರಡು ಪೆನಾಲ್ಟಿ ಸಿಕ್ಕವು, ಎರಡೂ ವ್ಯರ್ಥವಾದವು. 70ನೇ ನಿಮಿಷದಲ್ಲಿ ಬೆಂಗಳೂರಿನ ಸಾರಂಗಪಾಣಿ ರಾಮನ್ ಗೋಲು ಹೊಡೆದು 1-1 ಮಾಡಿದರು. ಇನ್ನೇನು ಆಟ ಮುಗಿಯಿತು ಅನ್ನುವಾಗ ಫ್ರಾನ್ಸ್ ಮತ್ತೊಂದು ಹೊಡೆದು 2-1ರಿಂದ ಗೆದ್ದಿತು. ಅದೇ ಮುನ್ಸಾಲಿನಲ್ಲಿ ಬೆಂಗಳೂರಿನ ಇನ್ನೊಬ್ಬ ಹುಡುಗನಿದ್ದ. ಇನ್ನೂ 22 ತುಂಬದ ಅಹ್ಮದ್ ಖಾನ್. ಈ ಪಂದ್ಯವನ್ನು ‘ನಮ್ಮವರು’ ಆಡಿದ ಪಂದ್ಯ ಎಂದು ಕರ್ನಾಟಕದಲ್ಲಿ ಬರೆಯುವುದು ರೂಢಿ. ಆದರೆ ಕಲಬುರಗಿಯಲ್ಲಿ ಕೂತು ಬರೆಯುವವರು ಆ ದಿನದ ಕ್ಯಾಲೆಂಡರನ್ನು ಒಮ್ಮೆ ನೋಡಿಕೊಳ್ಳಬೇಕಾಗುತ್ತದೆ. ಅಂದು ಕಲಬುರಗಿಯಾಗಲಿ ಕಮಲಾಪುರವಾಗಲಿ ಭಾರತದಲ್ಲೇ ಇರಲಿಲ್ಲ. ಇಡೀ ಸೀಮೆ ನಿಜಾಮನ ಆಳ್ವಿಕೆಯಲ್ಲಿತ್ತು, ರಜಾಕಾರರ ಹಾವಳಿ ತಾರಕಕ್ಕೇರಿತ್ತು. ಜನ ಇಂದಿಗೂ ‘ಪೊಲೀಸ್ ಆ್ಯಕ್ಷನ್’ ಎಂದು ಕರೆಯುವ ಕಾರ್ಯಾಚರಣೆ ನಡೆದದ್ದು ಅದೇ ವರ್ಷದ ಸೆಪ್ಟೆಂಬರ್ 13ರಿಂದ 17ರವರೆಗೆ. ಇಲ್ಫರ್ಡಿನಲ್ಲಿ ರಾಮನ್ ಗೋಲು ಹೊಡೆದಾಗ ಕಲಬುರಗಿಯ ಗಲ್ಲಿಯಲ್ಲಿ ಪಟಾಕಿ ಸಿಡಿಸುವ ಸ್ಥಿತಿ ಇಲ್ಲಿ ಯಾರಿಗೂ ಇರಲಿಲ್ಲ.

ಇದನ್ನು ಕೊರತೆಯೆಂದು ಹೇಳುತ್ತಿಲ್ಲ. ನನ್ನ ವಾದಕ್ಕೆ ಇದೊಂದು ಅನುಕೂಲ. ಅಹ್ಮದ್ ಖಾನರ ಬಗ್ಗೆ ಬೆಂಗಳೂರಿನವರು ಬರೆದರೆ ಊರಿನ ಅಭಿಮಾನ ಸೇರುತ್ತದೆ, ಕೋಲ್ಕತ್ತದವರು ಬರೆದರೆ ಕ್ಲಬ್ಬಿನ ಅಭಿಮಾನ. ಕಲಬುರಗಿಗೆ ಎರಡರ ಹಂಗೂ ಇಲ್ಲ. 1956ರ ನವೆಂಬರ್ 1ರವರೆಗೆ ಈ ಜಿಲ್ಲೆ ಹೈದರಾಬಾದ್ ರಾಜ್ಯದ್ದು. ಫುಟ್‌ಬಾಲಿನ ಲೆಕ್ಕದಲ್ಲಿ ಎದುರು ಪಾಳೆಯದ್ದು. ನಕಾಶೆ ನೋಡಿದರೂ ಸಾಕು. ಊರು ಬಿಟ್ಟು ಉತ್ತರಕ್ಕೆ ಹೊರಟ ರಸ್ತೆ, ಕೆಂಪು ಬಾಳೆಹಣ್ಣಿಗೆ ಹೆಸರಾದ ಕಮಲಾಪುರವನ್ನು ಹಾದು ಹುಮನಾಬಾದಿಗೆ ಮುಟ್ಟುತ್ತದೆ, ಅಲ್ಲಿಂದ ಪೂರ್ವಕ್ಕೆ ತಿರುಗಿದರೆ ಹೈದರಾಬಾದು. ರೈಲಿನದೂ ಅದೇ ಕತೆ: 1874ರಲ್ಲಿ ವಾಡಿಯಿಂದ ಹೈದರಾಬಾದಿಗೆ ನಿಜಾಮನ ರೈಲು ಹಾಸಿದ ಮೇಲೆ, ಹೈದರಾಬಾದಿನಿಂದ ಮುಂಬಯಿಗೆ ಹೋಗುವ ಗಾಡಿ ಸಾಮಾನ್ಯವಾಗಿ ಕಲಬುರಗಿ ನಿಲ್ದಾಣವನ್ನು ಮುಟ್ಟಿಯೇ ಹೋಗುತ್ತದೆ. ಕೋರ್ಟು, ಕಾಲೇಜು, ದವಾಖಾನೆ, ದೊಡ್ಡ ವ್ಯಾಪಾರ ಎಲ್ಲಕ್ಕೂ ಜನ ಅತ್ತ ಕಡೆ ಮುಖ ಮಾಡಿದ್ದ ಕಾಲ ಅದು. ಆ ರಾಜ್ಯದ ತಂಡವೋ, ದೇಶದಲ್ಲೇ ಅತಿ ಗಟ್ಟಿ. ಹೈದರಾಬಾದ್ ಸಿಟಿ ಪೊಲೀಸ್ 1950ರಿಂದ 1954ರವರೆಗೆ ಸತತ ಐದು ಸಲ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಇಂಥ ತಂಡವನ್ನು ಎದುರಿಸಿದ ಆಟಗಾರನ ತೂಕ ಎಷ್ಟು ಎಂದು ತಿಳಿಯಬೇಕಾದರೆ ಅವನ ಅಭಿಮಾನಿಗಳಿಗಿಂತ ಎದುರಾಳಿಯನ್ನು ಕೇಳುವುದು ಮೇಲು. ಈ ಲೇಖನ ಮಾಡಹೊರಟಿರುವುದು ಅದನ್ನೇ. ಹೇಳಬೇಕಾದ ಮಾತೂ ಒಂದೇ: ಅಹ್ಮದ್ ಖಾನರನ್ನು ‘ಬರಿಗಾಲಿನ ಮಾಂತ್ರಿಕ’ ಎಂದು ಹೊಗಳಿ ಕಪಾಟಿನಲ್ಲಿಟ್ಟವರೂ, ‘ಬರಿಗಾಲಿನ ಕಾಲ ಮುಗಿಯಿತು, ಅವರದೂ ಮುಗಿಯಿತು’ ಎಂದು ಬದಿಗೆ ಸರಿಸಿದವರೂ ಒಂದೇ ತಪ್ಪು ಮಾಡಿದ್ದಾರೆ. ಇಬ್ಬರೂ ಪಾದವನ್ನು ನೋಡಿದರು. ಆ ಪಾದ ಐವರ ಸಾಲಿನಲ್ಲಿ ಯಾವ ಕೆಲಸಕ್ಕೆ ನಿಂತಿತ್ತು ಎಂಬುದನ್ನು ನೋಡಲಿಲ್ಲ.

ಮೊದಲು ಅವರ ಹಾದಿ. ಅಹ್ಮದ್ ಖಾನ್ ಹುಟ್ಟಿದ್ದು 1926ರ ಡಿಸೆಂಬರಿನಲ್ಲಿ, ಬೆಂಗಳೂರಿನಲ್ಲಿ. ದಂಡು ಪ್ರದೇಶದ ಗೋರಾ ಪಲ್ಟನ್ನುಗಳಿಂದ ಫುಟ್‌ಬಾಲ್ ಕಲಿತು, ಆಮೇಲೆ ಆ ಪಲ್ಟನ್ನುಗಳನ್ನೇ ಸೋಲಿಸಿದ ಊರು ಅದು. ಅಲ್ಲಿನ ಬೆಂಗಳೂರು ಮುಸ್ಲಿಮ್ಸ್ ಕ್ಲಬ್ 1937ರಲ್ಲಿ ರೋವರ್ಸ್ ಕಪ್ ಗೆದ್ದಿತು. ಅಲ್ಲಿಯವರೆಗೆ ಆ ಕಪ್ಪನ್ನು ಗೆದ್ದ ಭಾರತೀಯ ತಂಡ ಒಂದೂ ಇರಲಿಲ್ಲ. ಮರುವರ್ಷ ಮತ್ತೆ ಗೆದ್ದರು. ಹತ್ತು ವರ್ಷದ ನಂತರ, 1948ರಲ್ಲಿ, ಮೋಹನ್ ಬಗಾನನ್ನು ಸೋಲಿಸಿ ಅದೇ ಕಪ್ಪನ್ನು ಮೂರನೇ ಸಲ ಮನೆಗೆ ತಂದಾಗ ತಂಡದಲ್ಲಿ ಅಹ್ಮದ್ ಖಾನ್ ಇದ್ದರು. ಲಂಡನ್ನಿಗೆ ಹೋಗಿ ಬಂದ ಆಟಗಾರ, ಜೊತೆಗೆ ರೋವರ್ಸ್ ವಿಜೇತ. ಕೋಲ್ಕತ್ತದ ಕಣ್ಣಿಗೆ ಬೀಳದೆ ಇರುವುದು ಹೇಗೆ? ಈಸ್ಟ್ ಬೆಂಗಾಲ್ ಕ್ಲಬ್ಬಿನ ಕಾರ್ಯದರ್ಶಿ ಜ್ಯೋತಿಷ್ ಗುಹಾ ದಕ್ಷಿಣದಿಂದ ಆಟಗಾರರನ್ನು ಹುಡುಕಿ ತರುವುದರಲ್ಲಿ ನಿಸ್ಸೀಮರು. 1949ರಲ್ಲಿ ಅಹ್ಮದ್ ಖಾನ್ ಆ ಕ್ಲಬ್ ಸೇರಿದರು, ಹತ್ತು ವರ್ಷ ಅಲ್ಲೇ ಇದ್ದು 1959ರಲ್ಲಿ ಬಿಟ್ಟರು. ಆಗಿನ ಫುಟ್‌ಬಾಲ್ ಕಾಗದದ ಮೇಲೆ ಹವ್ಯಾಸಿಗಳ ಆಟ. ಆದರೆ ಕೋಲ್ಕತ್ತದ ದೊಡ್ಡ ಕ್ಲಬ್ಬುಗಳು ಆಟಗಾರನ ಊಟ, ವಸತಿ, ಕೈಖರ್ಚು, ನೌಕರಿಯ ಹೊಣೆ ಹೊರುತ್ತಿದ್ದದ್ದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಸಾವಿರ ಮೈಲಿ ದೂರದ ಊರಿಗೆ ಹೋಗಿ ಹತ್ತು ವರ್ಷ ಕಾಲಿನಿಂದ ಬದುಕಿದವರನ್ನು ವೃತ್ತಿಪರ ಎನ್ನಲು ನನಗೇನೂ ಹಿಂಜರಿಕೆಯಿಲ್ಲ.

ಕೋಲ್ಕತ್ತದ ಜನ ಆ ಮುನ್ಸಾಲಿಗೆ ಇಟ್ಟ ಹೆಸರು ‘ಪಂಚ ಪಾಂಡವರು’. ಬಲ ಅಂಚಿನಲ್ಲಿ ವೆಂಕಟೇಶ್, ಒಳಬಲಕ್ಕೆ ಅಪ್ಪಾರಾವ್, ನಡುವೆ ಧನರಾಜ್, ಒಳಎಡಕ್ಕೆ ಅಹ್ಮದ್ ಖಾನ್, ಎಡ ಅಂಚಿನಲ್ಲಿ ಸಾಲೇಹ್. ಐವರೂ ದಕ್ಷಿಣದವರು, ಒಬ್ಬರಿಗೂ ಬಂಗಾಳಿ ತಾಯ್ನುಡಿಯಲ್ಲ. ದೇಶ ಒಡೆದು, ಪೂರ್ವ ಬಂಗಾಳದಿಂದ ಮನೆಮಠ ಬಿಟ್ಟು ಬಂದ ಲಕ್ಷಾಂತರ ನಿರಾಶ್ರಿತರು ತಮ್ಮದೆಂದು ಎದೆಗವಚಿಕೊಂಡ ಕ್ಲಬ್ಬಿಗೆ ಗೋಲು ಹೊಡೆದುಕೊಟ್ಟವರು ತೆಲುಗು, ತಮಿಳು, ಮಲಯಾಳ, ದಖನಿಯ ನೆಲದಿಂದ ಹೋದವರು ಎಂಬುದು ಆ ಕಾಲದ ವಿಚಿತ್ರಗಳಲ್ಲೊಂದು.

ಇನ್ನು ಆಟದ ಬಗೆ. ಈಗಿನ ಓದುಗರಿಗೆ ‘ಇನ್‌ಸೈಡ್ ಲೆಫ್ಟ್’ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗುತ್ತದೆ, ಏಕೆಂದರೆ ಆ ಜಾಗವೇ ಇಂದಿನ ಫುಟ್‌ಬಾಲಿನಲ್ಲಿ ಇಲ್ಲ. ಹಿಂದೆ ಇಬ್ಬರು ಬ್ಯಾಕ್, ನಡುವೆ ಮೂವರು ಹಾಫ್, ಮುಂದೆ ಐವರು ಫಾರ್ವರ್ಡ್. ಇದು ಆಗಿನ ಹಳೆಯ ಹೂಟ. ಐವರಲ್ಲಿ ಅಂಚಿನ ಇಬ್ಬರ ಕೆಲಸ ಓಟ, ನಡುವಿನವನ ಕೆಲಸ ಗೋಲು. ಉಳಿದ ಇಬ್ಬರು ಒಳ ಆಟಗಾರರು ಹಾಫ್‌ಗಳಿಂದ ಚೆಂಡು ಪಡೆದು ಮುಂದಿನ ಮೂವರಿಗೆ ಹಂಚಬೇಕು. ಅಂದರೆ ಹೆಸರಿಗೆ ಫಾರ್ವರ್ಡ್, ಕೆಲಸದಲ್ಲಿ ಅರ್ಧ ಸೂತ್ರಧಾರ. ಬ್ಯಾಸ್ಕೆಟ್‌ಬಾಲ್ ಬಲ್ಲವರಿಗೆ ಇದು ಬೇಗ ಹೊಳೆಯುತ್ತದೆ. ಅಲ್ಲಿಯೂ ಬಳೆಯ ಕೆಳಗೆ ನಿಂತು ಮೈಯಿಂದ ಮೈ ತಳ್ಳುವ ಫಾರ್ವರ್ಡ್ ಬೇರೆ, ದೂರದಿಂದ ಚೆಂಡು ಪುಟಿಸುತ್ತ ಬಂದು ಎದುರಾಳಿಯನ್ನು ತನ್ನತ್ತ ಸೆಳೆದು ಸಂಗಾತಿಗೆ ದಾರಿ ಬಿಡಿಸುವ ಫಾರ್ವರ್ಡ್ ಬೇರೆ. ಅಹ್ಮದ್ ಖಾನ್ ಎರಡನೆಯ ಜಾತಿ. ಅವರಿಗಿದ್ದ ಅಡ್ಡಹೆಸರು ‘ಹಾವಾಡಿಗ’. ಪುಂಗಿಯ ಮುಂದೆ ಹಾವು ಆಡಿದಂತೆ ಚೆಂಡು ಅವರ ಪಾದದ ಮುಂದೆ ಆಡುತ್ತಿತ್ತು ಎಂಬುದು ಅದರ ಮೇಲ್ನೋಟದ ಅರ್ಥ. ನನಗನ್ನಿಸುವಂತೆ ಹೆಸರಿಟ್ಟವರು ಯಾರೋ ಅವರಿಗೇ ತಿಳಿಯದಂತೆ ಇನ್ನೊಂದು ಸತ್ಯವನ್ನೂ ಹೇಳಿಬಿಟ್ಟಿದ್ದಾರೆ. ಸಂತೆಯಲ್ಲಿ ಹಾವಾಡಿಗ ಬುಟ್ಟಿ ತೆರೆದರೆ ಜನವೆಲ್ಲ ಅವನ ಸುತ್ತ ಕೂಡುತ್ತಾರೆ, ಸಂತೆಯ ಉಳಿದ ಭಾಗ ಬಯಲಾಗುತ್ತದೆ. ಇನ್‌ಸೈಡ್ ಲೆಫ್ಟ್ ಚೆಂಡು ಹಿಡಿದು ನಿಂತರೆ ಎದುರು ತಂಡದ ಹಾಫ್ ಬರಬೇಕು. ಅವನನ್ನು ದಾಟಿದರೆ ಬ್ಯಾಕ್ ತನ್ನ ಜಾಗ ಬಿಟ್ಟು ಬರಬೇಕು. ಬ್ಯಾಕ್ ಬಿಟ್ಟ ಜಾಗದಲ್ಲಿ ಸಾಲೇಹ್ ಓಡುತ್ತಿರುತ್ತಾರೆ, ಗೋಲಿನ ಮುಂದೆ ಧನರಾಜ್ ಕಾದಿರುತ್ತಾರೆ. ಡ್ರಿಬ್ಲಿಂಗ್ ಎಂಬುದು ಹೀಗೆ ನೋಡಿದಾಗ ತೋರಿಕೆಯ ಕಸರತ್ತು ಅಲ್ಲ, ಲೆಕ್ಕಾಚಾರ: ಇಬ್ಬರನ್ನು ತನ್ನ ಮೇಲೆ ಎಳೆದುಕೊಂಡರೆ ಬೇರೆ ಕಡೆ ಒಬ್ಬ ಬಿಡುವಾಗುತ್ತಾನೆ.

ಇದು ಅಂದವಾದ ಊಹೆ ಮಾತ್ರ ಎನ್ನಬಹುದು. ಆ ಪಂದ್ಯಗಳ ಚಲನಚಿತ್ರ ನಮ್ಮ ಮುಂದಿಲ್ಲ; ನೋಡಿದವರ ನೆನಪು ವಯಸ್ಸಾದಂತೆ ಬಣ್ಣ ಏರಿಸಿಕೊಳ್ಳುತ್ತದೆ. ಈ ಆಕ್ಷೇಪ ನ್ಯಾಯವಾದದ್ದೇ. ಆದ್ದರಿಂದಲೇ ನೆನಪುಗಳನ್ನು ಬದಿಗಿಟ್ಟು ಫಲಿತಾಂಶದ ಪಟ್ಟಿಯನ್ನು ಕೇಳೋಣ, ಅದಕ್ಕೆ ಯಾರ ಮೇಲೂ ಮೋಹವಿಲ್ಲ. ಈಸ್ಟ್ ಬೆಂಗಾಲ್ 1949ರಲ್ಲಿ ಕೋಲ್ಕತ್ತ ಲೀಗ್, ಐಎಫ್‌ಎ ಶೀಲ್ಡ್, ರೋವರ್ಸ್ ಕಪ್ ಮೂರನ್ನೂ ಗೆದ್ದಿತು. 1950ರಲ್ಲಿ ಲೀಗ್ ಮತ್ತು ಶೀಲ್ಡ್. 1951ರಲ್ಲಿ ಮತ್ತೆ ಶೀಲ್ಡ್, ಜೊತೆಗೆ ದಿಲ್ಲಿಯ ಡ್ಯೂರಾಂಡ್ ಕಪ್. 1952ರಲ್ಲಿ ಲೀಗ್, ಮತ್ತೆ ಡ್ಯೂರಾಂಡ್. ನಾಲ್ಕೇ ವರ್ಷದಲ್ಲಿ ಇಷ್ಟು. ಆದರೆ ಇದೇ ಪಟ್ಟಿಯ ಮುಂದಿನ ಸಾಲುಗಳನ್ನು ಅಭಿಮಾನಿಗಳು ಓದುವುದಿಲ್ಲ. ಪಾಂಡವರ ಸಾಲು ಚದುರತೊಡಗಿದ ಮೇಲೆ, 1953ರಿಂದ 1959ರವರೆಗೆ ಅಹ್ಮದ್ ಖಾನ್ ಅದೇ ಅಂಗಿ ತೊಟ್ಟು ಅದೇ ಕ್ಲಬ್ಬಿನಲ್ಲಿ ಆಡುತ್ತಲೇ ಇದ್ದರು. ಒಂದು ಸಲವೂ ಲೀಗ್ ಕೈಗೆ ಸಿಗಲಿಲ್ಲ. ಈಸ್ಟ್ ಬೆಂಗಾಲ್ ಮತ್ತೆ ಲೀಗ್ ಗೆದ್ದದ್ದು 1961ರಲ್ಲಿ, ಅವರು ನಿವೃತ್ತರಾದ ಮೇಲೆ. ಅವರೊಬ್ಬರೇ ಮಾಂತ್ರಿಕರಾಗಿದ್ದರೆ ಲೀಗಿನ ಈ ಬರಗಾಲಕ್ಕೆ ಅರ್ಥವೇನು? ಮಂತ್ರ ಸಾಲಿನಲ್ಲಿತ್ತು. ಎಳೆದು ತಂದ ಇಬ್ಬರ ಬೆನ್ನ ಹಿಂದೆ ಓಡುವವನಿಲ್ಲದಿದ್ದರೆ ಎಳೆದು ತಂದೂ ಫಲವಿಲ್ಲ. ಹೊಗಳುವವರಿಗೆ ಈ ಏಳು ವರ್ಷಗಳು ಮುಜುಗರ; ನನ್ನ ವಾದಕ್ಕಂತೂ ಮೊದಲ ನಾಲ್ಕು ವರ್ಷಗಳಿಗಿಂತ ಇವೇ ಹೆಚ್ಚು ಬಲವಾದ ಸಾಕ್ಷಿ.

‘ಫಾರ್ವರ್ಡ್ ಅಂದ ಮೇಲೆ ಗೋಲು ಎಣಿಸಬೇಕು, ದೇಶಕ್ಕಾಗಿ ಅವರು ಹೊಡೆದದ್ದೆಷ್ಟು?’ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಗೋಲಿನ ಲೆಕ್ಕದಲ್ಲಿ ಭಾರತ ತಂಡದ ಫಾರ್ವರ್ಡ್ ಮೇವಾಲಾಲ್, ಧನರಾಜ್ ಅವರಂಥವರ ಮುಂದೆ ಅಹ್ಮದ್ ಖಾನ್ ನಿಲ್ಲುವುದಿಲ್ಲ. ನಿಲ್ಲಬೇಕಾಗಿಯೂ ಇಲ್ಲ. ಮದುವೆ ಮನೆಯಲ್ಲಿ ಬಡಿಸಿದವನನ್ನು ಎಷ್ಟು ಉಂಡೆ ಎಂದು ಕೇಳಿ ಅಳೆಯುವವರುಂಟೆ?

ಈಗ ಎದುರು ಪಾಳೆಯಕ್ಕೆ ಬರೋಣ. ಹೈದರಾಬಾದಿನ ಫುಟ್‌ಬಾಲ್ ಎಂದರೆ ಸಯ್ಯದ್ ಅಬ್ದುಲ್ ರಹೀಮ್. 1909ರಲ್ಲಿ ಹುಟ್ಟಿದ ಇವರು ವೃತ್ತಿಯಿಂದ ಶಾಲಾ ಮೇಷ್ಟ್ರು. 1943ರಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು, 1950ರಿಂದ ಸಾಯುವವರೆಗೂ, ಅಂದರೆ 1963ರವರೆಗೆ, ಸಿಟಿ ಪೊಲೀಸ್ ತಂಡದ ಕೋಚ್. ರಹೀಮ್ ಸಾಹೇಬರು ಕೋಚ್ ಆಗಿ ಬರುವ ಮೊದಲೇ ಆ ತಂಡಕ್ಕೆ ಹೆಸರಿತ್ತು. 1943ರಲ್ಲಿ ಬೆಂಗಳೂರಿಗೇ ಬಂದು, ಇಂಗ್ಲೆಂಡಿನ ಖ್ಯಾತ ಕ್ರಿಕೆಟಿಗ ಡೆನಿಸ್ ಕಾಂಪ್ಟನ್ ಆಡುತ್ತಿದ್ದ ವಾಯುಪಡೆಯ ತಂಡವನ್ನು ಸೋಲಿಸಿ ಆ್ಯಶ್ ಗೋಲ್ಡ್ ಕಪ್ ಒಯ್ದಿತ್ತು. ರಹೀಮರು ಅದಕ್ಕೆ ಶಿಸ್ತು ಕೂಡಿಸಿದರು. ಅವರು ಸ್ಥಳೀಯವಾಗಿ ಏರ್ಪಡಿಸುತ್ತಿದ್ದ ಪಂದ್ಯಾವಳಿಗಳ ನಿಯಮ ಕೇಳಿದರೆ ಇಂದಿಗೂ ಹುಬ್ಬೇರುತ್ತದೆ. ಒಂದರಲ್ಲಿ ಡ್ರಿಬ್ಲಿಂಗ್ ನಿಷಿದ್ಧ: ಚೆಂಡು ಬಂದೊಡನೆ ಸಂಗಾತಿಗೆ ಕೊಡಬೇಕು. ಇನ್ನೊಂದರಲ್ಲಿ ಬಲಗಾಲಿನವರು ಎಡಗಾಲಿನಲ್ಲೇ ಹೊಡೆಯಬೇಕು. ಚೆಂಡು ಓಡಬೇಕು, ಮನುಷ್ಯನಲ್ಲ ಎಂಬುದು ಆ ಪಾಠದ ತಿರುಳು. ಅಂದರೆ ಹೈದರಾಬಾದಿನ ಶಾಲೆ ಮತ್ತು ಅಹ್ಮದ್ ಖಾನರ ಶಾಲೆ ಎಣ್ಣೆ ಸೀಗೆಕಾಯಿ ಎಂದೇ ಯಾರಿಗಾದರೂ ಅನ್ನಿಸಬೇಕು. ರಹೀಮರ ಪಂದ್ಯಾವಳಿಯಲ್ಲಿ ಅಹ್ಮದ್ ಖಾನ್ ಆಡಿದ್ದರೆ ರೆಫರಿ ನಿಮಿಷಕ್ಕೊಮ್ಮೆ ಸೀಟಿ ಊದಬೇಕಾಗುತ್ತಿತ್ತೋ ಏನೋ.

ಆದರೆ ನಡೆದದ್ದು ಬೇರೆ. 1951ರಲ್ಲಿ ದಿಲ್ಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ನಡೆದಾಗ ಭಾರತ ತಂಡದ ಕೋಚ್ ರಹೀಮ್. ಅವರ ಮುನ್ಸಾಲಿನಲ್ಲಿ ವೆಂಕಟೇಶ್, ಸಾಲೇಹ್, ಮೇವಾಲಾಲರ ಜೊತೆ ಅಹ್ಮದ್ ಖಾನ್. ಇಂಡೊನೇಷ್ಯಾ ವಿರುದ್ಧ 3-0, ಅಫ್ಘಾನಿಸ್ತಾನದ ವಿರುದ್ಧ 3-0, ಫೈನಲ್‌ನಲ್ಲಿ ಇರಾನ್ ವಿರುದ್ಧ 1-0. ಒಂದೂ ಗೋಲು ಬಿಟ್ಟುಕೊಡದೆ ಚಿನ್ನ. ಮರುವರ್ಷ ಹೆಲ್ಸಿಂಕಿಗೂ ರಹೀಮ್ ಕೋಚ್ ಆಗಿದ್ದ ತಂಡದಲ್ಲಿ ಅಹ್ಮದ್ ಖಾನ್ ಹೋದರು. ಡ್ರಿಬ್ಲಿಂಗನ್ನು ನಿಷೇಧಿಸಿ ಪಂದ್ಯಾವಳಿ ನಡೆಸುತ್ತಿದ್ದ ಮನುಷ್ಯ, ತನ್ನ ಕೈಕೆಳಗೆ ಹೈದರಾಬಾದಿನ ಒಳ್ಳೊಳ್ಳೆಯ ಫಾರ್ವರ್ಡ್‌ಗಳಿದ್ದೂ, ದೇಶದ ಅತಿ ದೊಡ್ಡ ಡ್ರಿಬ್ಲರನ್ನು ಮತ್ತೆ ಮತ್ತೆ ಆಡಿಸುತ್ತಾರೆ. ಆಯ್ಕೆ ಸಮಿತಿಯ ಒತ್ತಡ ಎನ್ನಬಹುದು. ಬಂಗಾಳದ ಮಾತು ಆಗ ದೇಶದ ಫುಟ್‌ಬಾಲ್ ಫೆಡರೇಶನ್ನಿನಲ್ಲಿ ನಡೆಯುತ್ತಿತ್ತು ಎಂಬುದು ಸುಳ್ಳಲ್ಲ. ಆದರೆ ರಹೀಮರು ಒತ್ತಡಕ್ಕೆ ಮಣಿಯುವ ಪೈಕಿ ಆಗಿದ್ದರೆ ಆಮೇಲಿನ ಹತ್ತು ವರ್ಷದ ಅವರ ತಂಡಗಳು ಹಾಗಿರುತ್ತಿರಲಿಲ್ಲ. ನನಗೆ ಒಪ್ಪಿಗೆಯಾಗುವ ವಿವರಣೆ ಸರಳ. ಪಾಠಶಾಲೆಯಲ್ಲಿ ಮಗ್ಗಿ ಬಾಯಿಪಾಠ ಮಾಡಿಸುವ ಮೇಷ್ಟ್ರು, ಮನಸ್ಸಿನಲ್ಲೇ ಗುಣಿಸುವ ಹುಡುಗ ಸಿಕ್ಕರೆ ಅವನನ್ನು ಹೊರಗೆ ಕಳಿಸುವುದಿಲ್ಲ. ಡ್ರಿಬ್ಲಿಂಗ್ ನಿಷೇಧ ಇದ್ದದ್ದು ಅದನ್ನು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದವರಿಗಾಗಿ. ಯಾವಾಗ ಚೆಂಡು ಇಟ್ಟುಕೊಳ್ಳಬೇಕು, ಯಾವಾಗ ಬಿಡಬೇಕು ಎಂದು ಅರಿತವರಿಗೆ ಆ ನಿಯಮ ಬೇಕಿರಲಿಲ್ಲ. ಎದುರು ಪಾಳೆಯದ ಸೇನಾಪತಿಯೇ ತನ್ನ ಸೈನ್ಯಕ್ಕೆ ಕರೆದುಕೊಂಡ ಎಂಬುದಕ್ಕಿಂತ ದೊಡ್ಡ ಯೋಗ್ಯತಾಪತ್ರ ಅಹ್ಮದ್ ಖಾನರಿಗೆ ಬೇರೆ ಸಿಗಲಿಲ್ಲ. ದೇಶ ಆಟಗಾರರಿಗೆ ಅರ್ಜುನ ಪ್ರಶಸ್ತಿ ಕೊಡಲು ಶುರುಮಾಡಿದ್ದು 1961ರಲ್ಲಿ. ಅಷ್ಟರಲ್ಲಿ ಅವರು ಆಟ ಬಿಟ್ಟು ಎರಡು ವರ್ಷವಾಗಿತ್ತು.

ಹೆಲ್ಸಿಂಕಿಯ ಮಾತು ಬಂತು. ಅದನ್ನು ಜಾರಿಸಿ ಮುಂದೆ ಹೋಗುವ ಹಾಗಿಲ್ಲ, ಏಕೆಂದರೆ ಅಹ್ಮದ್ ಖಾನರ ತಲೆಮಾರನ್ನು ತಳ್ಳಿಹಾಕುವವರ ಕೈಯಲ್ಲಿರುವ ಮುಖ್ಯ ಅಸ್ತ್ರವೇ ಅದು. 1952ರ ಜುಲೈನಲ್ಲಿ ಯುಗೊಸ್ಲಾವಿಯಾ ಭಾರತವನ್ನು 10-1ರಿಂದ ಹೊಡೆದುಹಾಕಿತು. ಬ್ರಾಂಕೊ ಜೆಬೆಕ್ ಒಬ್ಬರೇ ನಾಲ್ಕು ಗೋಲು. ಉತ್ತರದ ಆ ತಂಪಿನಲ್ಲಿ ನಮ್ಮವರು ಬಹುತೇಕ ಬರಿಗಾಲಲ್ಲೇ ನಿಂತಿದ್ದರು. ಆಟ ಮುಗಿಯಲು ಒಂದು ನಿಮಿಷವಿದೆ ಎನ್ನುವಾಗ ಭಾರತಕ್ಕೆ ಸಿಕ್ಕ ಒಂದೇ ಗೋಲನ್ನು ಹೊಡೆದವರು ಅಹ್ಮದ್ ಖಾನ್. ಈ ಸೋಲಿನ ನಂತರ ಫೆಡರೇಶನ್ ಬೂಟು ಕಡ್ಡಾಯ ಮಾಡಿತು. ಹಾಗಾಗಿ ಕತೆ ತಾನಾಗಿಯೇ ರೂಪ ಪಡೆಯಿತು: ಬರಿಗಾಲು ಸೋತಿತು, ಬೂಟು ಗೆದ್ದಿತು, ಹಳೆಯ ಕಲೆ ಸತ್ತಿತು. ಆ ಕಡೆಯ ನಿಮಿಷದ ಗೋಲನ್ನು ಹಿಡಿದುಕೊಂಡು ‘ನೋಡಿ, ಬರಿಗಾಲಿನ ಮಾನ ಉಳಿಯಿತು’ ಎನ್ನುವವರ ಜೊತೆಯೂ ನಾನಿಲ್ಲ. ಒಂಬತ್ತೋ ಹತ್ತೋ ಗೋಲು ಮುಂದಿರುವ ತಂಡ ಕೊನೆಗೆ ಸಡಿಲ ಬಿಟ್ಟಾಗ ಹೊಡೆದ ಗೋಲಿಗೆ ಅಷ್ಟು ಭಾರ ಹೊರಿಸಬಾರದು. ಕೇಳಬೇಕಾದ ಪ್ರಶ್ನೆ ಬೇರೆ. ಹತ್ತು ಗೋಲು ಬಿಟ್ಟವರು ಯಾರು? ಫಾರ್ವರ್ಡ್‌ಗಳಲ್ಲ. ಬರಿಗಾಲು ನಿಜಕ್ಕೂ ತೊಡಕಾಗುವುದು ಚೆಂಡು ಆಡಿಸುವವನಿಗಿಂತ ಚೆಂಡು ಕಸಿಯುವವನಿಗೆ: ಬೂಟಿನ ಕಾಲಿಗೆ ಬರಿಗಾಲು ಅಡ್ಡ ಹಾಕಲು, ಒದ್ದೆ ಹುಲ್ಲಿನಲ್ಲಿ ಜಾರದೆ ತಿರುಗಲು ಎದೆಗಾರಿಕೆಯೊಂದೇ ಸಾಲದು. ಜೊತೆಗೆ ನಮ್ಮ ಊರುಗಳ ಪಂದ್ಯಗಳು ಆಗ 90 ನಿಮಿಷದವಲ್ಲ, ಅದಕ್ಕಿಂತ ಮೊಟಕಾದವು. ಕೊನೆಯ ಅರ್ಧ ತಾಸಿಗೆ ದಮ್ಮು ಉಳಿಸಿಕೊಳ್ಳುವ ಅಭ್ಯಾಸವೇ ಇರಲಿಲ್ಲ.

ಎದುರಿಗಿದ್ದವರು ಯಾರು ಎಂಬುದನ್ನೂ ಮರೆಯಬಾರದು. ಅದೇ ಯುಗೊಸ್ಲಾವಿಯಾ ಕೆಲವೇ ದಿನಗಳಲ್ಲಿ ಸೋವಿಯತ್ ಒಕ್ಕೂಟದೊಂದಿಗೆ 5-5ರ ಡ್ರಾ ಆಡಿ, ಮರುಪಂದ್ಯದಲ್ಲಿ ಅದನ್ನು ಹೊರಗೆ ಹಾಕಿ, ಫೈನಲ್‌ನಲ್ಲಿ ಪುಸ್ಕಾಸ್‌ನ ಹಂಗೆರಿಗೆ ಮಾತ್ರ ಸೋತು ಬೆಳ್ಳಿ ಪಡೆಯಿತು. ನಾಲ್ಕು ವರ್ಷದ ನಂತರ ಮೆಲ್ಬರ್ನ್ ಒಲಿಂಪಿಕ್‌ನಲ್ಲಿ ಬೂಟು ತೊಟ್ಟ ಭಾರತ, ರಹೀಮರು ಹೊಸದಾಗಿ ಕಟ್ಟಿದ ತಂಡ, ಸೆಮಿಫೈನಲ್‌ನಲ್ಲಿ ಮತ್ತೆ ಯುಗೊಸ್ಲಾವಿಯಾಕ್ಕೇ ಎದುರಾಯಿತು. 4-1ರಿಂದ ಸೋತಿತು. ಹತ್ತರಿಂದ ನಾಲ್ಕಕ್ಕೆ ಇಳಿದದ್ದು ದೊಡ್ಡ ಸುಧಾರಣೆ, ಅನುಮಾನವಿಲ್ಲ. ಆದರೆ ಸುಧಾರಿಸಿದ್ದು ಹಿಂದಿನ ಸಾಲು. ನಾವು ಹೊಡೆದ ಗೋಲು ಆಗಲೂ ಒಂದು, ಈಗಲೂ ಒಂದು.

ಬರಿಗಾಲಿನ ಕತೆ ಎಷ್ಟು ಸುಲಭವಾಗಿ ನಿಜವನ್ನು ನುಂಗುತ್ತದೆ ಎಂಬುದಕ್ಕೆ 1950ರ ವಿಶ್ವಕಪ್ ಇನ್ನೊಂದು ಉದಾಹರಣೆ. ನಮ್ಮ ಗುಂಪಿನ ಉಳಿದ ಏಷ್ಯದ ದೇಶಗಳು ಹಿಂದೆ ಸರಿದಿದ್ದರಿಂದ ಆಡದೆಯೇ ಭಾರತಕ್ಕೆ ಬ್ರೆಜಿಲ್ಲಿನ ಟಿಕೀಟು ಸಿಕ್ಕಿತು. ಸ್ವೀಡನ್, ಇಟಲಿ, ಪೆರಗ್ವೆ ಇದ್ದ ಗುಂಪಿನಲ್ಲಿ ಜಾಗವೂ ಇತ್ತು. ಫೆಡರೇಶನ್ ಹೋಗಲಿಲ್ಲ. ಬರಿಗಾಲಲ್ಲಿ ಆಡಲು ಬಿಡುವುದಿಲ್ಲ ಎಂದದ್ದಕ್ಕೆ ಹೋಗಲಿಲ್ಲ ಎಂಬ ಮಾತು ಇಂದಿಗೂ ರಸಪ್ರಶ್ನೆ ಪುಸ್ತಕಗಳಲ್ಲಿ ಮೆರೆಯುತ್ತಿದೆ. ಆಗಿನ ನಾಯಕ ಶೈಲೇನ್ ಮನ್ನಾ ಅವರೇ ಮುಂದೆ ಅದನ್ನು ಅಲ್ಲಗಳೆದರು. ಹಡಗಿನ ದೂರದ ಪ್ರಯಾಣ, ತಯಾರಿಯ ಕೊರತೆ, ವಿಶ್ವಕಪ್ಪಿಗಿಂತ ಒಲಿಂಪಿಕ್ಕೇ ದೊಡ್ಡದು ಎಂದು ಬಗೆದ ಅಧಿಕಾರಿಗಳ ಕಿರುನೋಟ, ಇವು ಕಾರಣಗಳು. ಕಚೇರಿಯಲ್ಲಿ ಕೂತವರ ತಪ್ಪನ್ನು ಆಟಗಾರನ ಪಾದದ ಮೇಲೆ ಹಾಕಿದರೆ ಯಾರೂ ಉತ್ತರ ಕೊಡಬೇಕಾಗಿಲ್ಲ, ಕೇಳಲೂ ಕತೆ ರಂಜಕ. ಅಹ್ಮದ್ ಖಾನ್ 23ನೇ ವಯಸ್ಸಿನಲ್ಲಿ, ಪಾಂಡವರ ಸಾಲು ಏರುಗತಿಯಲ್ಲಿದ್ದಾಗ, ಆಡಬಹುದಾಗಿದ್ದ ಮೂರು ಪಂದ್ಯಗಳು ಹಾಗೆ ಕೈತಪ್ಪಿದವು.

ಪಾದವೇ ಅವರ ಆಟದ ಗುಟ್ಟಾಗಿದ್ದರೆ ಬೂಟು ಕಡ್ಡಾಯವಾದ ದಿನವೇ ಅವರ ಆಟ ಮುಗಿಯಬೇಕಿತ್ತು. ಮುಗಿಯಲಿಲ್ಲ. 1953ರಲ್ಲಿ ಈಸ್ಟ್ ಬೆಂಗಾಲ್ ರುಮೇನಿಯಾ ಮತ್ತು ಸೋವಿಯತ್ ಒಕ್ಕೂಟದ ಪ್ರವಾಸ ಮಾಡಿತು. ಆಮೇಲೆ ಅವರು 1956ರಲ್ಲಿ ಡ್ಯೂರಾಂಡ್ ಗೆದ್ದ ತಂಡದಲ್ಲಿದ್ದರು. 1958ರಲ್ಲಿ, 31ರ ವಯಸ್ಸಿನಲ್ಲಿ, ಮತ್ತೆ ಐಎಫ್‌ಎ ಶೀಲ್ಡ್ ಗೆದ್ದ ತಂಡದಲ್ಲಿದ್ದರು. ಓಟವನ್ನೇ ನಂಬಿದ ಫಾರ್ವರ್ಡ್ ಆ ವಯಸ್ಸಿಗೆ ಮೂಲೆ ಸೇರಿರುತ್ತಾನೆ. ಕಾಲಿನಲ್ಲಿ ಮೊದಲಿನ ಚುರುಕು ಇಲ್ಲದಾಗಲೂ, ಚರ್ಮಕ್ಕೂ ಚೆಂಡಿಗೂ ನಡುವೆ ಬೂಟು ಬಂದಾಗಲೂ ಕೆಲಸಕ್ಕೆ ಬಂದದ್ದು ಯಾವುದೋ ಅದೇ ಅವರ ನಿಜವಾದ ಬಂಡವಾಳ: ಎದುರಾಳಿ ಯಾವ ಕಡೆ ಭಾರ ಹಾಕುತ್ತಾನೆ ಎಂದು ಕಾಯುವ ತಾಳ್ಮೆ, ಅವನು ಹಾಕಿದ ಕೂಡಲೇ ಇನ್ನೊಂದು ಕಡೆ ಚೆಂಡು ಸಾಗಿಸುವ ಬುದ್ಧಿ.

ಕೊನೆಯದಾಗಿ ಒಂದು ಆಕ್ಷೇಪವನ್ನು ಕಲಬುರಗಿಯ ಓದುಗರೇ ಎತ್ತಬಹುದು: ಇದೆಲ್ಲ ಸರಿ, ನಮಗೂ ಅಹ್ಮದ್ ಖಾನರಿಗೂ ಏನು ಸಂಬಂಧ? ಕರ್ನಾಟಕದ ಫುಟ್‌ಬಾಲ್ ಚರಿತ್ರೆ ಎಂದರೆ 1946 ಮತ್ತು 1952ರಲ್ಲಿ ಮೈಸೂರು ಸಂತೋಷ್ ಟ್ರೋಫಿ ಗೆದ್ದದ್ದು, ಆಮೇಲೆ ಅರವತ್ತರ ದಶಕದ ಕೊನೆಯಲ್ಲಿ ಮತ್ತೆರಡು ಸಲ ಗೆದ್ದದ್ದು ಎಂದು ಬರೆಯುವಾಗ ಈ ಸೀಮೆಯನ್ನು ಯಾರೂ ನೆನೆಯುವುದಿಲ್ಲ. ಹೈದರಾಬಾದಿನ ಚರಿತ್ರೆ ಬರೆಯುವವರು 1956ರ ಬಳಿಕ ನಮ್ಮನ್ನು ಮರೆತರು. ದೂರು ಖರೆ. ಆದರೆ ಎರಡೂ ಮನೆಯ ಲೆಕ್ಕದಲ್ಲಿ ಇಲ್ಲದವರಿಗೆ ಎರಡೂ ಮನೆಯ ಕಿಟಕಿಯಿಂದ ನೋಡುವ ಹಕ್ಕು ಇರುತ್ತದೆ. ಬೆಂಗಳೂರಿನ ಡ್ರಿಬ್ಲಿಂಗನ್ನೂ ಹೈದರಾಬಾದಿನ ಪಾಸಿಂಗನ್ನೂ ಪರಸ್ಪರ ವೈರಿಗಳೆಂದು ಕಾಣುವುದು ಬೆಂಗಳೂರಿಗೂ ಹೈದರಾಬಾದಿಗೂ ಸುಲಭ. ಇಲ್ಲಿಂದ ನೋಡಿದರೆ ಅವು ಒಂದೇ ಪ್ರಶ್ನೆಗೆ, ಅಂದರೆ ಎದುರಾಳಿಯನ್ನು ಅವನ ಜಾಗದಿಂದ ಕದಲಿಸುವುದು ಹೇಗೆ ಎಂಬುದಕ್ಕೆ, ಎರಡು ಊರುಗಳು ಕೊಟ್ಟ ಉತ್ತರಗಳಾಗಿ ಕಾಣುತ್ತವೆ. ಒಬ್ಬರು ಚೆಂಡನ್ನು ಹಿಡಿದು ಕದಲಿಸಿದರು, ಇನ್ನೊಬ್ಬರು ಬಿಟ್ಟು ಕದಲಿಸಿದರು.

ಆ ಎರಡು ಉತ್ತರಗಳು ದಿಲ್ಲಿಯಲ್ಲಿ 1952 ಮತ್ತು 1956ರ ಡ್ಯೂರಾಂಡ್ ಫೈನಲ್‌ಗಳಲ್ಲಿ ಮುಖಾಮುಖಿಯಾದವು, ಆ ಎರಡು ಸಲವೂ ಗೆದ್ದ ತಂಡದಲ್ಲಿ ಅಹ್ಮದ್ ಖಾನ್ ಇದ್ದರು. 1952ರಲ್ಲಿ ಈಸ್ಟ್ ಬೆಂಗಾಲ್ 1, ಹೈದರಾಬಾದ್ ಸಿಟಿ ಪೊಲೀಸ್ 0. ಆಗ ಕಲಬುರಗಿ, ಕಮಲಾಪುರದವರ ತಂಡ ಯಾವುದೆಂದು ಕೇಳಿದರೆ ಉತ್ತರ ನಿಸ್ಸಂದೇಹ: ಸೋತ ತಂಡ. 1956ರಲ್ಲಿ ಈಸ್ಟ್ ಬೆಂಗಾಲ್ 2, ಹೈದರಾಬಾದ್ ಸಿಟಿ ಪೊಲೀಸ್ 0. ಆ ವರ್ಷದ ನವೆಂಬರ್ 1ರಂದು ಆಗ ಗುಲ್ಬರ್ಗ ಎನ್ನುತ್ತಿದ್ದ ಕಲಬುರಗಿ ಜಿಲ್ಲೆ ಹೈದರಾಬಾದ್ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು; ರಾಜಧಾನಿ ಅಹ್ಮದ್ ಖಾನರ ಬೆಂಗಳೂರಾಯಿತು. ಅವರು ಮುಂದೆ ಆ ಊರಿಗೇ ಹಿಂತಿರುಗಿ, 90 ವರ್ಷ ತುಂಬಿದ ಮೇಲೆ, 2017ರ ಆಗಸ್ಟಿನಲ್ಲಿ ಅಲ್ಲೇ ತೀರಿಕೊಂಡರು. ಮುಂಬಯಿಗೆ ಹೋಗುವ ಹೈದರಾಬಾದಿನ ಗಾಡಿಗಳು ಮಾತ್ರ ಮೊದಲಿನಂತೆಯೇ ವಾಡಿಯಲ್ಲಿ ಹಳಿ ಬದಲಿಸಿ ಕಲಬುರಗಿಯ ಮೇಲೆ ಹಾಯುತ್ತಿವೆ.